ಮೂಕಣಬೆ

ವಾವುತ್ಲಾ, ಜುಲೈ ೧೯, ಶನಿವಾರ

ನನ್ನ ತಮಾಷೆ ಇವತ್ತು ಪಕ್ಕದ ಮನೆಯ ಅಬುಂದಿಯೊನ ತಲೆಯ ಮೇಲೆ ಬಿತ್ತು.

ಹೋದ ಮಳೆಗಾಲದಲ್ಲಿ ಹಾಡಿ ಕಾಯಿಲೆ ಬಿಡಿಸುವ ನನ್ನಕ್ಕ ಫಿದೆನ್ಸಿಯಾ ಅವನ ಅಕ್ಕ ನಿಸೆಫೊರಾಳನ್ನು ಕತ್ತಲಲ್ಲಿ ಕೂರಿಸಿ, ಮೈಮರೆಸಿ ದೇವರನ್ನು ಕಾಣಿಸುವ ದೇವರಣಬೆಗಳನ್ನು ಜೋಡಿ ಜೋಡಿಯಾಗಿ ತಿನ್ನಿಸಿ, ಬೆಳಗಿನವರೆಗೂ ಹಾಡಿದ್ದಳು. ಮಗು ಸತ್ತ ಮೇಲೆ ಕಲ್ಲಾಗಿದ್ದವಳು ಅಂದು ಅತ್ತು, ಮರುದಿನ ತಾನೇ ಎದ್ದು ಒಲೆ ಹಚ್ಚಿದಳು. ಅದನ್ನು ಕಂಡಿದ್ದ ಅಬುಂದಿಯೊ ಈ ವಾರ ತನಗೂ ಬೇಕೆಂದು ಬಂದ. ಅವನ ಕಿವಿಯಲ್ಲಿ ಸದಾ ದನಿಗಳು.

"ಬೇಡಪ್ಪ. ಅಣಬೆ ಮಾತಾಡುತ್ತೆ. ನಿನ್ನೊಳಗೆ ಮಾತಾಡೋರು ಆಗಲೇ ಜಾಸ್ತಿ," ಅಂದಳು ಅಕ್ಕ.

"ಅವರನ್ನ ಸುಮ್ಮನಿರಿಸೋಕೇ ಕೇಳ್ತಿರೋದು, ಅತ್ತೆ."

ಅವನ ಮುಖ ನೋಡಲಾಗದೆ, ಸಾರಿಗೆ ಹಾಕುವ ಅಣಬೆಯನ್ನೇ ಎಲೆಯಲ್ಲಿ ಸುತ್ತಿ ಗುಟ್ಟಾಗಿ ಕೊಟ್ಟೆ. "ಇದು ಮೂಕಣಬೆ ಕಣೋ. ಎಲ್ಲರ ಬಾಯಿ ಮುಚ್ಚಿಸುತ್ತೆ."

ತಿಂದ. ಏನೂ ಆಗಲಿಲ್ಲ. ತನಗೆ ಅಣಬೆ ಸ್ವಲ್ಪ ತಿಂದರೆ ಸಾಲದೆಂದು ತಿಳಿದು, ಇವತ್ತು ಗುಡ್ಡ ಹತ್ತಿ, ಕಾಯುವವರಿಲ್ಲದೆ, ನಡುಹಗಲಲ್ಲಿ, ದೇವರಣಬೆಯನ್ನು ಬೊಗಸೆಗಟ್ಟಲೆ ತಿಂದಿದ್ದಾನೆ. ಸಂಜೆ ಕೈಕಾಲು ಕಟ್ಟಿ ಹೊತ್ತು ತಂದೆವು. ತನ್ನ ಸ್ವಂತ ಅಕ್ಕನ ಗುರುತೂ ಸಿಗಲಿಲ್ಲ ಅವನಿಗೆ.

"ಇಷ್ಟು ತಿನ್ನಬಹುದು ಅಂತ ಇವನಿಗೆ ಯಾರು ಹೇಳಿದ್ರು, ಮಾಮ?" ಎಂದಳು ನಿಸೆಫೊರಾ.

ನಾನು ಬಗ್ಗಿ ಅವನ ಕಾಲಿನ ಹಗ್ಗ ಬಿಗಿಮಾಡಿದೆ.

ಗೋಡೆಯಾಚೆ ಅಕ್ಕ ಹಾಡುತ್ತಿದ್ದಾಳೆ. ಅವನು ಅವಳಿಗಲ್ಲ, ಕಿವಿಯೊಳಗಿನವರಿಗೆಲ್ಲ ಒಬ್ಬೊಬ್ಬರಿಗೂ ಉತ್ತರ ಕೊಡುತ್ತಿದ್ದಾನೆ. ಮಧ್ಯೆ ನನ್ನ ಹೆಸರೂ ಕೇಳಿಸುತ್ತಿದೆ.