ಐನೂರ ಮೂವತ್ತು ಕಿಲೋಮೀಟರ್, ಏಳು ಊಟ

ಕಲಬುರಗಿ, ಶಕ ೨೩೭೧, ಪುಷ್ಯ ಮಾಸದ ಮೂವತ್ತೆರಡನೆಯ ದಿನ

ಹಿಂದಿನವರಾದ ನಿಮಗೆ ಮುಂದಿನವಳಾದ ಮಹಾನಂದಾ ಮಾಡುವ ಶರಣು. ತಿಂಗಳಿಗೆ ಮೂವತ್ತೆರಡು ದಿನ ಎಲ್ಲಿಂದ ಬಂತೆಂದು ಗಾಬರಿಯಾಗಬೇಡಿ. ಗಾಳಿಯ ಲೆಕ್ಕ ಸರಿಹೋಗಲೆಂದು ನಮ್ಮ ಹಿರಿಯರು ಸೇರಿಸಿದರು. ನನ್ನ ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಹಾದಿಲೆಕ್ಕದವಳು. ತೇಲುಬಂಡಿ ಯಾವ ಊರಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆಂದು ಹೇಳುವುದು ನನ್ನ ಕೆಲಸ. ತೇಲುಬಂಡಿಯೆಂದರೆ ಬಿಸಿಗಾಳಿ ತುಂಬಿದ ದೊಡ್ಡ ಚೀಲ, ಅದರ ಕೆಳಗೆ ಹನ್ನೆರಡು ಜನ ಕೂರುವ ಬುಟ್ಟಿ. ನಿಮ್ಮ ಕಾಲದ ಹಾಳೆಯೊಂದು ನಮ್ಮ ಕಚೇರಿಯಲ್ಲಿದೆ. ಕಲಬುರಗಿಯಿಂದ ಮಂಗಳೂರಿಗೆ ಆಕಾಶದಲ್ಲಿ ನೇರ ಐನೂರ ಮೂವತ್ತು ಕಿಲೋಮೀಟರ್, ವಿಮಾನದಲ್ಲಿ ಒಂದೂಕಾಲು ಗಂಟೆ ಎಂದಿದೆ. ದೂರ ಇವತ್ತಿಗೂ ಅಷ್ಟೇ. ಈಶಾನ್ಯದ ಗಾಳಿ ಕೈಕೊಡದಿದ್ದರೆ ನಮಗೆ ಹತ್ತು ಗಂಟೆ ಸಾಕು. ನನ್ನ ಲೆಕ್ಕ ತಪ್ಪಿದ್ದೇ ಇಲ್ಲವೆಂಬ ಜಂಬ ನನಗಿತ್ತು.

ಹೋದ ತಿಂಗಳು ಮಂಗಳೂರಿನಲ್ಲಿರುವ ನನ್ನ ತಮ್ಮ ಸಿದ್ರಾಮನಿಗೆ ಹೆಣ್ಣುಕೂಸು ಹುಟ್ಟಿತು. ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅದಕ್ಕೆ ಇರುವ ಒಬ್ಬಳೇ ಸೋದರತ್ತೆ ನಾನು. ಮುಹೂರ್ತ ಬೆಳಿಗ್ಗೆ ಎಂಟಕ್ಕೆ. ಆಗ ನಾನಿಲ್ಲದಿದ್ದರೆ ಪಕ್ಕದ ಮನೆಯವರು ಹೇಳಿಬಿಡುತ್ತಾರೆ. ಹಾಗಾಗಿ ಹಿಂದಿನ ದಿನ ಬೆಳಿಗ್ಗೆಯೇ ಬಂಡಿ ಹತ್ತಿದೆ. ಗಾಳಿ, ಭಾರ, ದೂರ ಎಲ್ಲವನ್ನೂ ಲೆಕ್ಕ ಹಾಕಿದ್ದೆ. ಅವತ್ತು ಎಳ್ಳಮಾವಾಸ್ಯೆ ಎಂಬುದೊಂದನ್ನು ಮರೆತಿದ್ದೆ.

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಎಲ್ಲರೂ ಹೊಲದಲ್ಲೇ ಉಣ್ಣುತ್ತಾರೆ, ಹಾದುಹೋಗುವವರನ್ನೂ ಉಣ್ಣಿಸದೆ ಬಿಡುವುದಿಲ್ಲ. ಕೆಳಗಿನವರು ಧೋತರ ಬೀಸಿ ಕರೆದರೆ ತೇಲುಬಂಡಿ ಇಳಿಯಲೇಬೇಕು. ಜೇವರ್ಗಿಯಲ್ಲಿ ಸಜ್ಜೆ ರೊಟ್ಟಿ, ಕಾಳು ಸೊಪ್ಪೆಲ್ಲ ಹಾಕಿದ ಭಜ್ಜಿ. ಅರ್ಧ ಗಂಟೆ ತೇಲುವಷ್ಟರಲ್ಲಿ ಇನ್ನೊಂದು ಹೊಲ. ಹುಣಸಗಿಯಲ್ಲಿ ಶೇಂಗಾ ಹೋಳಿಗೆ. ಬಂಡಿ ನಡೆಸುವ ಮಸ್ತಾನಸಾಬರು ಬೇಡವೆನ್ನುವ ಆಸಾಮಿಯಲ್ಲ. ನನಗೆ ಅಳುವೇ ಬಂತು. ಆದರೆ ಭಜ್ಜಿ ಬಹಳ ಚೆನ್ನಾಗಿತ್ತು. ಅಳುತ್ತಲೇ ಎರಡನೆಯ ಸಲ ಹಾಕಿಸಿಕೊಂಡೆ. ಏಳನೆಯ ಊಟ ಮುಗಿಯುವ ಹೊತ್ತಿಗೆ ಗಾಳಿಯೂ ಬಿದ್ದುಹೋಯಿತು.

ಮಂಗಳೂರು ಮುಟ್ಟಿದಾಗ ಮರುದಿನ ಮಧ್ಯಾಹ್ನ ಹನ್ನೆರಡು. ತಲೆ ತಗ್ಗಿಸಿಕೊಂಡು ಮನೆಗೆ ಹೋದೆ. ತೊಟ್ಟಿಲು ಖಾಲಿಯಿತ್ತು, ಹೆಂಗಸರು ಅದರ ಸುತ್ತ ಕೂತೇ ಇದ್ದರು. ಸಿದ್ರಾಮ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಗಡಿಯಾರ ಬಂದ್ ಮಾಡೀನಿ ಅಕ್ಕಾ," ಅಂದ. "ನಮ್ಮನ್ಯಾಗ ಇನ್ನಾ ಎಂಟು ಹೊಡದಿಲ್ಲ."

ಗೋಡೆಯ ಗಡಿಯಾರ ಎಂಟಕ್ಕೆ ಐದು ನಿಮಿಷವಿದೆ ಎನ್ನುತ್ತಿತ್ತು. ಕೂಸಿನ ಕಿವಿಯಲ್ಲಿ ಮೊದಲು 'ಕುರ್ರ್' ಎಂದು ಕೂಗಿ, ಆಮೇಲೆ ಹೆಸರು ಹೇಳಿದೆ. ಪದ್ಧತಿಯಂತೆ ಹೆಂಗಸರೆಲ್ಲ ನನ್ನ ಬೆನ್ನಿಗೆ ಗುದ್ದಿದರು, ಕಾಯಿಸಿದ್ದಕ್ಕೆ ಒಂದೊಂದು ಹೆಚ್ಚಾಗಿಯೇ. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಹಿಂದಿನವರೇ, ನಿಮ್ಮಲ್ಲೊಂದು ಬಿನ್ನಹ. ಬರಬೇಕಾದವರು ತಡವಾದರೆ ಗಡಿಯಾರ ನಿಲ್ಲಿಸಲು ಹಿಂಜರಿಯಬೇಡಿ. ಆಮೇಲೆ ಕೀಲಿ ಕೊಟ್ಟರೆ ಅದು ನಡೆದೇ ನಡೆಯುತ್ತದೆ. ಸಿದ್ರಾಮನ ಮನೆಯದು ಈಗಲೂ ನಾಲ್ಕು ಗಂಟೆ ಹಿಂದಿದೆ. ಕಚೇರಿಯ ಪುಸ್ತಕದಲ್ಲಿ ನಾನೇ ನನ್ನ ಕೈಯಾರೆ ಬರೆದಿದ್ದೇನೆ: ಮಂಗಳೂರಿನ ಬಂಡಿ ಹೊತ್ತಿಗೆ ಸರಿಯಾಗಿ ಮುಟ್ಟಿತು, ಐದು ನಿಮಿಷ ಮೊದಲೇ.