ಹತ್ತು ಗಜ, ಇಪ್ಪತ್ತು ಗಜ

ಫೆಬ್ರವರಿ 3, ಸೋಮವಾರ

ಮತ್ತೆ ಹಿಮ. ಮನೆ ಮುಂದೆ ಕಾರು ನಿಲ್ಲುವಷ್ಟು ಜಾಗ ಕೆರೆದು ಹಾಕಿದೆ. ಸೊಂಟ ಹಿಡಿದುಕೊಂಡಿತು. ಕಾರು ತೆಗೆದು, ಆ ಜಾಗದಲ್ಲಿ ಚೆಟ್‌ನ ಹಳದಿ ಕುರ್ಚಿ ಇಟ್ಟು ಅವನನ್ನು ನೋಡಲು ಆಸ್ಪತ್ರೆಗೆ ಹೊರಟೆ. ಹಿಂತಿರುಗಿ ಬಂದಾಗ ಬೀದಿಯುದ್ದಕ್ಕೂ ಕಾರುಗಳು. ಕುರ್ಚಿ ಮಾತ್ರ ಇಟ್ಟಲ್ಲೇ ಇತ್ತು. ಇಲ್ಲಿ ಬೀದಿಯಲ್ಲಿ ಕುರ್ಚಿ ಇಟ್ಟರೆ ಆ ಜಾಗ ಕಾದಿರಿಸಿದ ಹಾಗೆ. ಬೇರೆಯವರ ಕುರ್ಚಿ ಮುಟ್ಟಿ ಅವರ ಜಾಗ ಹೊಡೆಯುವ ಮನುಷ್ಯ ಪಿಟ್ಸ್‌ಬರ್ಗಿನಲ್ಲಿ ಇನ್ನೂ ಹುಟ್ಟಿಲ್ಲ.

ಚೆಟ್ ಇವತ್ತು ಕಂಬಿ ಹಿಡಿದು ನಿಂತ. ಬಲಗೈ ಇನ್ನೂ ಸತ್ತ ಹಾಗೆಯೇ. ಮಾತಿಲ್ಲ, ಹೂಂ ಉಹೂಂ ಅಷ್ಟೇ. ಕ್ರಿಸ್‌ಮಸ್ ವಾರದಲ್ಲಿ ಸ್ಟ್ರೋಕ್ ಹೊಡೆದಾಗ ಉಳಿಯುವುದೇ ಅನುಮಾನ ಎಂದಿದ್ದರು... ಇವತ್ತು ಡಾಕ್ಟರಮ್ಮ ಬೇರೆ ಮಾತಾಡಿದರು. ಮನೆಗೆ ಕಳಿಸಬಹುದಂತೆ. ಆದರೆ ಮೆಟ್ಟಿಲು ಹತ್ತುವಂತಿಲ್ಲ, ಕೆಳಗಡೆಯೇ ಮಲಗಲು ಕೋಣೆ ಆಗಬೇಕಂತೆ.

ನಮ್ಮ ಕೆಳಗಿನ ಕೋಣೆ! ಒಳಗೆ ಹೋದ ಬೆಕ್ಕು ಹೊರಗೆ ಬರಲು ದಾರಿ ಇಲ್ಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದಾಗಿನಿಂದಲೂ ಇವನದು ಒಂದೇ ಚಟ. ಊರಲ್ಲಿ ಎಲ್ಲೇ ಕಟ್ಟಡ ಕೆಡವಲಿ, ಅಲ್ಲಿಂದ ಒಂದು ಬಾಗಿಲು ಹೊತ್ತು ತರುವುದು. ಬಾಗಿಲು, ಚೌಕಟ್ಟು, ಆನೆಭಾರದ ಎರಕದ ಕಬ್ಬಿಣದ ಹೀಟರುಗಳು. ಬೈದರೆ, "ಒಂದಿನ ಬೇಕಾಗುತ್ತೆ ಕಣೇ ಬರ್ನಿ." ಮದುವೆಯಾದಾಗಿನಿಂದ ಇದೇ ರಾಗ.

ಫೆಬ್ರವರಿ 6

ಕಸದ ತೊಟ್ಟಿ ಬಾಡಿಗೆಗೆ ಕೊಡುವ ಕಂಪನಿಗೆ ಫೋನ್ ಮಾಡಿದೆ. ಗ್ಲೆನ್ ಎಂಬಾತ ಎತ್ತಿಕೊಂಡ. ಡಂಪ್‌ಸ್ಟರ್ ಹತ್ತು ಗಜದ್ದೂ ಇದೆ, ಇಪ್ಪತ್ತು ಗಜದ್ದೂ ಇದೆ ಎಂದ. ಗಜ ಅಂದರೆ ಉದ್ದವಲ್ಲ, ತೊಟ್ಟಿ ಎಷ್ಟು ಹಿಡಿಯುತ್ತದೆ ಎಂಬ ಲೆಕ್ಕವಂತೆ.

"ಒಂದು ರೂಮಾ, ಇಡೀ ಮನೆನಾ ಮೇಡಂ?"

"ಒಂದು ರೂಮು."

"ಹಂಗಾದ್ರೆ ಹತ್ತು ಸಾಕು. ಒಂದು ಕಾರು ನಿಲ್ಲೋ ಜಾಗದಲ್ಲಿ ಕೂತ್ಕೊಳ್ಳುತ್ತೆ. ಇಪ್ಪತ್ತರದ್ದಾದ್ರೆ ಎರಡು ಕಾರಿನ ಜಾಗ ಬೇಕು. ಲಾರಿ ತಿರುಗೋಕೆ ಇನ್ನೊಂದು."

ಸಂಜೆ ಡೆನಿಸ್‌ಗೆ ಹೇಳಿದೆ. ಕ್ಲೀವ್‌ಲೆಂಡಿನಲ್ಲಿ ಕೂತೇ ಎಲ್ಲ ನಿರ್ಧಾರ ಮಾಡುವ ಮಗಳು.

"ಅಮ್ಮ, ಇಪ್ಪತ್ತರದ್ದೇ ತರಿಸು. ಹೇಗೂ ತರಿಸ್ತಿದೀಯ. ಬೇಸ್‌ಮೆಂಟು, ಅಟ್ಟ, ಎಲ್ಲಾ ಒಂದೇ ಸಲ ಖಾಲಿ ಮಾಡ್ಬಿಡು."

"ಎಲ್ಲಾ ಯಾಕೆ ಖಾಲಿ ಮಾಡ್ಲಿ?"

"ಅಪ್ಪನಿಗೆ ಆ ಮನೇಲಿ ಆಗಲ್ಲಮ್ಮ. ನಿಂಗೂ ಆಗಲ್ಲ. ಒಬ್ಬಳೇ ಹೇಗೆ ಎತ್ತಿ ಕೂರಿಸ್ತೀಯ? ಮನೆ ಮಾರಿ, ಅವರನ್ನ ಎಲ್ಲಾದ್ರೂ ಒಳ್ಳೆ ಕಡೆ ಸೇರಿಸೋಣ."

"ನಿಮ್ಮಪ್ಪ ಇನ್ನೂ ಬದುಕಿದಾನೆ ಕಣೇ," ಎಂದು ಫೋನ್ ಇಟ್ಟೆ.

ಕೆಟ್ಟವಳಲ್ಲ ಅವಳು. ಹೇಳಿದ್ದು ಸರಿಯೂ ಇರಬಹುದು. ಆದರೆ ನನಗೆ ಇಷ್ಟೇ: ಹತ್ತು ಗಜ ಅಂದರೆ ಚೆಟ್ ಮನೆಗೆ ಬರುತ್ತಾನೆ. ಇಪ್ಪತ್ತು ಗಜ ಅಂದರೆ ಬರುವುದಿಲ್ಲ. ಹತ್ತಕ್ಕೇ ಹೇಳಿದ್ದೇನೆ.

ಫೆಬ್ರವರಿ 9

ಚೆಟ್‌ಗೆ ವಿಷಯ ಮುಟ್ಟಿಸಿದೆ. "ನಿನ್ನ ಬಾಗಿಲುಗಳಿಗೆಲ್ಲ ಕಾಲ ಬಂತಪ್ಪ. ಹತ್ತು ಗಜದ ತೊಟ್ಟಿ ಬರ್ತಿದೆ. ಸಾಕಾಗುತ್ತಾ?"

ಎಡಗೈ ಎತ್ತಿ ಐದು ಬೆರಳು ತೋರಿಸಿದ. ಐದು ಗಜ ಸಾಕಂತೆ! ಅರ್ಧ ಸಾಮಾನು ಉಳಿಸಿಕೊಳ್ಳುವ ಯೋಚನೆ. ಜಿಪುಣ. ಅರ್ಧ ಬಾಯಲ್ಲೇ ನಕ್ಕ. ನಾನೂ ನಕ್ಕೆ. ಎಷ್ಟು ದಿನ ಆಗಿತ್ತು.

ಫೆಬ್ರವರಿ 14, ಬೆಳಗ್ಗೆ

ತೊಟ್ಟಿ ಬಂತು. ಲಾರಿಯವನು ಕುರ್ಚಿ ಎದುರು ನಿಂತು ಹಾರ್ನ್ ಹೊಡೆದದ್ದೇ ಹೊಡೆದದ್ದು. ಇಳಿದು ತಾನೇ ಸರಿಸಲಿಲ್ಲ. ನಾನು ಚಪ್ಪಲಿಯಲ್ಲೇ ಓಡಿ ಹೋಗಿ ಎತ್ತಿದ ಮೇಲೆಯೇ ಹಿಂದೆ ಬಂದ. "ಯಾರ ಕುರ್ಚಿನೋ ಏನೋ, ನಮಗ್ಯಾಕೆ ಪಾಪ," ಎಂದ.

ತೊಟ್ಟಿ ನಮ್ಮ ಜಾಗದಲ್ಲಿ ಸರಿಯಾಗಿ ಕೂತಿತು. ಪಕ್ಕದಲ್ಲಿ ಎಂದಿನಂತೆ ಮಿಸೆಸ್ ಪಲೂಂಬೊ ಅವರ ಹಸಿರು ಕುರ್ಚಿ. ಅವರಿಗೆ ಕಾರೇ ಇಲ್ಲ. ಗಂಡ ಸಾಲ್ ತೀರಿಕೊಂಡ ವರ್ಷವೇ ಮಾರಿದರು. ಆದರೂ ಅದು ಸಾಲ್‌ನ ಜಾಗ. ಒಮ್ಮೆ ಕುರ್ಚಿ ಇಲ್ಲದ ಹೊತ್ತಿನಲ್ಲಿ ಪಾದ್ರಿಗಳು ಗೊತ್ತಿಲ್ಲದೆ ಕಾರು ನಿಲ್ಲಿಸಿ, ಪೂಜೆ ಬಿಟ್ಟು ಬಂದು ತೆಗೆಯಬೇಕಾಯಿತು.

ಫೆಬ್ರವರಿ 15

ಡ್ವೇನ್ ಬಂದ, ಈ ಕಡೆ ಪಕ್ಕದ ಮನೆಯವನು. ಹೀಟರುಗಳನ್ನು ಅವನೊಬ್ಬನೇ ಹೊತ್ತ. "ಮಿಸ್ ಬರ್ನಿ, ನಿಮ್ಮ ಯಜಮಾನ್ರು ಇದನ್ನೆಲ್ಲಾ ಒಳಗೆ ತರೋವಾಗ ನೀವೆಲ್ಲಿದ್ರಿ?"

"ಬಾಗಿಲು ಹಿಡ್ಕೊಂಡಿದ್ದೆ," ಎಂದೆ.

ಬಾಗಿಲುಗಳನ್ನು ಒಂದೊಂದಾಗಿ ಎತ್ತುವಾಗ ನೋಡಿದೆ. ಪ್ರತಿಯೊಂದರ ಕೀಲಿಗೂ ಎಣ್ಣೆ ಹಾಕಿಟ್ಟಿದ್ದಾನೆ. ಗೋಡೆಯೇ ಇಲ್ಲದ ಬಾಗಿಲುಗಳಿಗೆ. ಒಂದಂತೂ ಹಳೇ ಆಸ್ಪತ್ರೆ ಕೆಡವಿದಾಗ ತಂದದ್ದು, ಚೌಕಟ್ಟಿನ ಸಮೇತ, ಕೋಣೆಯ ಅರ್ಧ ಗೋಡೆಯನ್ನೇ ನುಂಗಿತ್ತು. ಅದನ್ನೇ ಮೊದಲು ಹಾಕಿಸಿದೆ. ಜಾಗ ಬಿಡುವಾದದ್ದು ನೋಡಿ ಎಷ್ಟು ಹಗುರ ಅನ್ನಿಸಿತು.

ಫೆಬ್ರವರಿ 16

ಬೆಳಗ್ಗೆ ನೋಡಿದರೆ ತೊಟ್ಟಿಯಲ್ಲಿ ಯಾರದೋ ಒರಗುಕುರ್ಚಿ, ಸ್ಪ್ರಿಂಗು ಕಿತ್ತುಬಂದದ್ದು. ಬೀದಿಯಲ್ಲಿ ತೊಟ್ಟಿ ನಿಂತರೆ ಇದು ಇದ್ದದ್ದೇ. ಕಳ್ಳರನ್ನು ಹಿಡಿಯಲು ದೂರ ಹೋಗಬೇಕಾಗಲಿಲ್ಲ.

"ನಂದೇ ಕಣೇ," ಎಂದರು ಮಿಸೆಸ್ ಪಲೂಂಬೊ, ಒಂದಿಷ್ಟೂ ನಾಚದೆ. "ಜಾಗ ಇತ್ತಲ್ಲ! ಸಾಲ್ ಕೂತು ಕೂತು ಕುಳಿ ಬಿದ್ದಿತ್ತು. ನಾನೇ ಎಸೆಯೋಕೆ ಮನಸ್ಸು ಬರಲಿಲ್ಲ. ನಿನ್ನ ಸಾಮಾನಿನ ಜೊತೆ ಹೋದ್ರೆ ನಾನು ಎಸೆದ ಹಾಗಾಗಲ್ಲ, ನೋಡು."

ಏನು ಹೇಳುವುದು ಇವರಿಗೆ. ಒರಗುಕುರ್ಚಿಯ ಮೇಲೆ ಚೆಟ್ ತಂದಿದ್ದ ಎರಡು ಹಳೇ ಕಿಟಕಿ ಹಾಕಿ ಮುಚ್ಚಿದೆ. ಸರಿಯಾಗಿ ಅಂಚಿನ ಮಟ್ಟಕ್ಕೆ ತುಂಬಿತು.

ಫೆಬ್ರವರಿ 24

ತೊಟ್ಟಿ ಹೋಗಿ ಆಯಿತು. ಕೋಣೆಗೆ ತೆಳುನೀಲಿ ಬಣ್ಣ. ಕಿಟಕಿಯಿಂದ ಬೀದಿ ಕಾಣುತ್ತದೆ, ಚೆಟ್ ಮಲಗಿಕೊಂಡೇ ತನ್ನ ಕಾರು ನೋಡಬಹುದು. ಮಂಚ ಬಂತು. ಗಾಲಿಕುರ್ಚಿಯೂ ಬಂತು.

ಗಾಲಿಕುರ್ಚಿ ಬಾಗಿಲಲ್ಲಿ ಹಿಡಿಸಲಿಲ್ಲ.

ಡ್ವೇನ್ ಟೇಪು ಹಿಡಿದು ಅಳೆದ. "ಗೋಡೆ ಒಂಚೂರು ಒಡೆದು, ಅಗಲ ಇರೋ ಚೌಕಟ್ಟು ಕೂರಿಸ್ಬೇಕು ಮಿಸ್ ಬರ್ನಿ. ಆವತ್ತು ಎಸೆದ್ವಲ್ಲ..." ಎಂದವನು ಅಲ್ಲಿಗೇ ನಿಲ್ಲಿಸಿದ.

ಆಸ್ಪತ್ರೆ ಬಾಗಿಲು. ಗಾಲಿಕುರ್ಚಿ ಹೋಗಲೆಂದೇ ಮಾಡಿದ ಬಾಗಿಲು, ಎಣ್ಣೆ ಹಾಕಿ, ಚೌಕಟ್ಟಿನ ಸಮೇತ ಇಟ್ಟಿದ್ದ. ಒಂದಿನ ಬೇಕಾಗುತ್ತೆ ಅಂದಿದ್ದ. ಬೇಕಾಯಿತು. ನಾನು ಎಸೆದು ಹತ್ತು ದಿನವೂ ಆಗಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಐದು ಬೆರಳು ತೋರಿಸಿದಾಗ ಅದನ್ನೇ ಹೇಳುತ್ತಿದ್ದನೋ ಏನೋ! ನಾನು ಜಿಪುಣ ಅಂತ ನಕ್ಕೆ.

ಫೆಬ್ರವರಿ 28

ಡ್ವೇನ್ ಹಳೇ ಚೌಕಟ್ಟನ್ನೇ ಕಿತ್ತುಹಾಕಿದ. ಈಗ ಗಾಲಿಕುರ್ಚಿ ಸಲೀಸಾಗಿ ಹೋಗುತ್ತದೆ. ಮಿಸೆಸ್ ಪಲೂಂಬೊ ಪರದೆ ಹೊಲಿದುಕೊಟ್ಟರು, ಕೆಂಪು ಹೂವಿನದು, ಕಣ್ಣಿಗೆ ಹೊಡೆಯುತ್ತದೆ. ಊರಿನ ಬಾಗಿಲನ್ನೆಲ್ಲ ಕೂಡಿಟ್ಟ ಮನುಷ್ಯನ ಕೋಣೆಗೆ ಬಾಗಿಲೇ ಇಲ್ಲ. ಚೆಟ್‌ಗೆ ಹೇಳಿದೆ. ಎಸೆದದ್ದನ್ನೂ ಹೇಳಿದೆ. ಕಣ್ಣು ದೊಡ್ಡದು ಮಾಡಿ ನನ್ನನ್ನೇ ನೋಡಿದ. ಆಮೇಲೆ ಹೊಟ್ಟೆ ಕುಲುಕುವ ಹಾಗೆ ನಕ್ಕ, ನರ್ಸು ಓಡಿಬಂದಳು.

ಮಾರ್ಚ್ 10, ಸೋಮವಾರ ಮನೆಗೆ. ಡೆನಿಸ್ ಕೂಡ ಬರುತ್ತಾಳಂತೆ. "ನೀನೇ ಗೆದ್ದೆ ಅಮ್ಮ," ಎಂದಳು.

ಮಾರ್ಚ್ 14

ಎರಡನೇ ಸಲ ಸ್ಟ್ರೋಕ್ ಹೊಡೆಯಿತು. ಕರೆದುಕೊಂಡು ಬರಬೇಕಿದ್ದ ಹಿಂದಿನ ದಿನ. ಇಸ್ತ್ರಿ ಮಾಡಿದ ಶರ್ಟು ತೆಗೆದುಕೊಂಡು ಹೋಗಿದ್ದೆ...

ಬರೆಯಲಾರೆ.

ಮಾರ್ಚ್ 22

ಜೀವ ಇದೆ. ನುಂಗಲಾರ. ಕೂರಲಾರ. ಹೂಂ ಕೂಡ ಇಲ್ಲ. ಇನ್ನು ಯಾವಾಗಲೂ ನರ್ಸುಗಳು ಇರುವ ಕಡೆಯೇ ಇರಬೇಕಂತೆ. ನದಿ ಆಚೆ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದ್ದಾರೆ. ಹೋಗಲು ಎರಡು ಸೇತುವೆ ದಾಟಬೇಕು. ಅಲ್ಲಿಗೆ ಹೋದರೆ ಮನೆಯಲ್ಲಿ ಏನೋ ಬಿಟ್ಟು ಬಂದ ಹಾಗೆ, ಮನೆಗೆ ಬಂದರೆ ಅವನನ್ನು ಬಿಟ್ಟು ಬಂದ ಹಾಗೆ.

ಡೆನಿಸ್ ಮೂರು ದಿನ ಇದ್ದು ಹೋದಳು. ಇಪ್ಪತ್ತು ಗಜದ ಮಾತು ಎತ್ತಲಿಲ್ಲ. ಎತ್ತಿದ್ದರೆ ಜಗಳವಾದರೂ ಆಡಬಹುದಿತ್ತು.

ನೀಲಿ ಕೋಣೆಯ ಹಾಸಿಗೆ ಹಾಸಿದ್ದು ಹಾಗೇ ಇದೆ. ಮಧ್ಯಾಹ್ನ ಅದರ ಮೇಲೆ ಮಲಗಿ ಜೋರಾಗಿ ಅತ್ತುಬಿಟ್ಟೆ. ಮಲಗಿದರೆ ಕಾರು ಕಾಣುವುದೇ ಇಲ್ಲ. ಕಿಟಕಿ ಎತ್ತರದಲ್ಲಿದೆ, ಆಕಾಶ ಮತ್ತು ಕರೆಂಟು ತಂತಿ ಅಷ್ಟೇ. ನಾನು ಒಮ್ಮೆಯೂ ಮಲಗಿ ನೋಡಿರಲಿಲ್ಲ.

ಮಾರ್ಚ್ 27

ಅವನಿರುವ ಬೀದಿಯಲ್ಲೇ, ಕಟುಕರ ಅಂಗಡಿ ಮೇಲೆ, ಎರಡು ಕೋಣೆ ಬಾಡಿಗೆಗಿವೆ. ನಡೆದುಕೊಂಡೇ ಹೋಗಬಹುದು. ದಿನಾ ಬೆಳಗ್ಗೆ ನಾನೇ ಗಡ್ಡ ಹೆರೆಯಬಹುದು. ನರ್ಸಿಂಗ್ ಹೋಮಿನ ಹುಡುಗಿ ಎಡಗೆನ್ನೆಯಲ್ಲಿ ಯಾವಾಗಲೂ ಕೂದಲು ಬಿಡುತ್ತಾಳೆ.

ಚೆಟ್‌ನ ಕಿವಿಯ ಹತ್ತಿರ ಹೇಳಿದೆ. "ನಿಂಗೆ ಬರೋಕಾಗಲ್ಲ. ನಾನೇ ಬರ್ತೀನಿ. ಮನೆ ಮಾರ್ತೀನಿ ಕಣೋ. ಈ ಸಲ ಇಪ್ಪತ್ತು ಗಜದ್ದು."

ಬೆರಳು ಎತ್ತಲಿ ಎಂದು ಕಾದೆ. ಹತ್ತೋ, ಐದೋ, ಏನಾದರೂ. ಬೈಯಲಿ ನನ್ನನ್ನು. ಎತ್ತಲಿಲ್ಲ. ನನ್ನ ಕಿರುಬೆರಳು ಹಿಡಿದ, ಅಥವಾ ಅದು ಅವನ ಕೈಯಲ್ಲಿ ಸುಮ್ಮನೆ ಸಿಕ್ಕಿಕೊಂಡಿತ್ತು. ಹಿಡಿದ ಅಂತಲೇ ಬರೆಯುತ್ತೇನೆ.

ಬಂದವಳೇ ಗ್ಲೆನ್‌ಗೆ ಫೋನ್ ಮಾಡಿದೆ. "ಒಂದು ರೂಮಾ, ಇಡೀ ಮನೆನಾ ಮೇಡಂ?" ಅವನು ಎಲ್ಲರಿಗೂ ಕೇಳುವುದೇ ಅದು.

"ಇಡೀ ಮನೆ."

"ಎರಡು ಕಾರಿನ ಜಾಗ ಇದೆಯಾ? ಲಾರಿ ತಿರುಗೋಕೆ?"

ಇದೆ ಎಂದುಬಿಟ್ಟೆ. ಎಲ್ಲಿದೆ? ಪಕ್ಕದ್ದು ಸಾಲ್‌ನ ಜಾಗ. ಪಾದ್ರಿಗೇ ಬಿಡದ ಜಾಗ.

ಮಾರ್ಚ್ 28, ಶುಕ್ರವಾರ

ಮಿಸೆಸ್ ಪಲೂಂಬೊ ಚರ್ಚ್ ಹಾಲಿನಿಂದ, ಈಸ್ಟರ್ ಮುಂಚಿನ ಉಪವಾಸದ ಶುಕ್ರವಾರ ಮಾಂಸದ ಬದಲು ಮಾರುವ ಮೀನು ಕಟ್ಟಿಸಿಕೊಂಡು ಬಂದರು. ಇಬ್ಬರೂ ಅಡುಗೆಮನೆಯಲ್ಲಿ ಕೂತು ತಿಂದೆವು. ಕೇಳಬೇಕು ಎಂದು ಬಾಯಿಗೆ ಬಂತು. ಕೇಳಲಾಗಲಿಲ್ಲ. ಹೇಗೆ ಕೇಳುವುದು? ನನ್ನ ಗಂಡ ಬರುವುದಿಲ್ಲ, ನಿಮ್ಮ ಗಂಡನ ಜಾಗ ಕೊಡಿ ಅಂತಲೇ?

ಯಾರು ಹೇಳಿದ್ದರೋ, ಅವರೇ ಕೇಳಿದರು. "ಮಂಗಳವಾರ ಮತ್ತೆ ತೊಟ್ಟಿ ತರಿಸ್ತಿದೀಯಂತೆ? ಎಷ್ಟು ಗಜದ್ದು?"

ನಾನು ತಲೆ ಬಗ್ಗಿಸಿ ಮೀನಿನ ಮುಳ್ಳು ಬಿಡಿಸುತ್ತಿದ್ದೆ. ಆ ಮೀನಿನಲ್ಲಿ ಮುಳ್ಳೇ ಇರಲಿಲ್ಲ.

"ಎಲೆಕೋಸಿನ ಸಲಾಡಿಗೆ ಈ ಸಲ ಸಕ್ಕರೆ ಜಾಸ್ತಿ ಸುರಿದಿದಾರೆ, ದರಿದ್ರದವರು," ಎಂದು ಎದ್ದರು. ಬಾಗಿಲಿಲ್ಲದ ಕೋಣೆಯ ಮುಂದೆ ಒಂದು ಗಳಿಗೆ ನಿಂತು, ತಾವು ಹೊಲಿದ ಪರದೆಯನ್ನು ನೇರ ಮಾಡಿ ಹೋದರು.

ಏಪ್ರಿಲ್ 1, ಬೆಳಗ್ಗೆ

ಮಳೆ. ತೊಟ್ಟಿ ಬರುವ ದಿನ. ಜಾಗದ ಮಾತು ಯಾರ ಹತ್ತಿರವೂ ಆಡಿಲ್ಲ. ಲಾರಿ ಬಂದು ವಾಪಸು ಹೋಗಲಿ ಎಂದು ಒಳಗೊಳಗೇ ಆಸೆಯೂ ಇತ್ತು, ಸುಳ್ಳು ಯಾಕೆ. ಕಾರು ಚರ್ಚ್ ಹತ್ತಿರ ಬಿಟ್ಟು ಬಂದು, ಹಳದಿ ಕುರ್ಚಿ ಹಿಡಿದು ಹೊರಗೆ ಹೋದೆ.

ಸಾಲ್‌ನ ಜಾಗದಲ್ಲಿ ಹಸಿರು ಕುರ್ಚಿ ಇಲ್ಲ. ಅಲ್ಲಿ ಮಿಸೆಸ್ ಪಲೂಂಬೊ ಅವರ ಊಟದ ಮನೆಯ ಕುರ್ಚಿ, ಕಡೆದ ಕಾಲಿನದು, ಮದುವೆಗೆ ತಂದದ್ದು, ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿಲ್ಲ. ಬಿಷಪ್ಪರು ಬಂದಾಗಲೂ ಅದರ ಮೇಲೆ ಕೂರಿಸಿರಲಿಲ್ಲ. ಮಳೆಯಲ್ಲಿ ನೆನೆಯುತ್ತಿದೆ. ಈ ಕಡೆ, ಲಾರಿ ತಿರುಗುವ ಜಾಗದಲ್ಲಿ, ಡ್ವೇನ್‌ನ ಆಫೀಸು ಕುರ್ಚಿ. ಇಳಿಜಾರಿನಲ್ಲಿ ಉರುಳದ ಹಾಗೆ ಚಕ್ರಕ್ಕೆ ಇಟ್ಟಿಗೆ ಕೊಟ್ಟಿದ್ದಾನೆ. ಮಧ್ಯದಲ್ಲಿ ನಮ್ಮ ಜಾಗ ಖಾಲಿ.

ಹಳದಿ ಕುರ್ಚಿ ಅಲ್ಲಿಟ್ಟೆ. ಮೂರೂ ಸಾಲಾಗಿ ನಿಂತವು, ತೊಟ್ಟಿಗೂ ಲಾರಿಗೂ ಬೇಕಾದಷ್ಟು ಜಾಗ ಹಿಡಿದು. ನಾನು ಹೇಳುವ ಮೊದಲೇ ಬೀದಿಗೆಲ್ಲ ಗೊತ್ತಿತ್ತು, ಅವನು ಬರುವುದಿಲ್ಲ ಎಂದು. ಎಂದಿನಿಂದಲೋ. ಮಳೆಯಲ್ಲೇ ನಿಂತು ಅತ್ತೆ, ಯಾರು ನೋಡಿದರೆ ಏನಂತೆ.

ಏಪ್ರಿಲ್ 1, ಹತ್ತೂವರೆ

ಲಾರಿ ಬಂತು. ಹಾರ್ನ್. ಕಿಟಕಿಯಿಂದ ನೋಡುತ್ತಿದ್ದೇನೆ. ಅದೇ ಡ್ರೈವರು, ಇಳಿಯುವುದಿಲ್ಲ ಇವನು.

ಮಿಸೆಸ್ ಪಲೂಂಬೊ ಹೊರಗೆ ಬಂದರು. ಮನೆಯಂಗಿಯ ಮೇಲೆ ಸಾಲ್‌ನ ಕೋಟು. ಡ್ವೇನ್ ಕೂಡ. ತಂತಮ್ಮ ಕುರ್ಚಿಯ ಹಿಂದೆ ನಿಂತು ಬೆನ್ನಿನ ಮೇಲೆ ಕೈ ಇಟ್ಟಿದ್ದಾರೆ. ಎತ್ತುತ್ತಿಲ್ಲ. ನನ್ನ ಬಾಗಿಲ ಕಡೆಯೇ ನೋಡುತ್ತಿದ್ದಾರೆ. ನಾನು ಎತ್ತಿದ ಮೇಲೆಯೇ ಅವರು ಎತ್ತುವುದು.

ಮತ್ತೆ ಹಾರ್ನ್. ಹೋಗಬೇಕು. ಚೆಟ್‌ನ ಕುರ್ಚಿ—