ಆಯ್ಕೆ ಸಮಿತಿಗೆ ನಾನು ಹೇಳಿದ್ದು

ಜೂನ್ ೧೧, ಬುಧವಾರ

ಮಗಳೇ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಬೈಯಬೇಡ. ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲವೂ ಹರಿದು ಹಾಕಿದೆ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ನೀನು ಕಲಿಸುವ ಶಾಲೆಯ ಹುಡುಗಿಯರು ಓಟದಲ್ಲಿ ಗೆದ್ದ ಸುದ್ದಿಯನ್ನು ನಿಮ್ಮಮ್ಮ ಬೀದಿಯವರಿಗೆಲ್ಲ ಹೇಳಿ ಮುಗಿಸಿ, ಈಗ ಎರಡನೇ ಸುತ್ತು ಹೊರಟಿದ್ದಾಳೆ.

ಪೇಪರಿನಲ್ಲಿ ಓದಿರುತ್ತೀಯ, ನಮ್ಮ ಗಾಲ್ಫ್ ಕ್ಲಬ್ಬಿಗೆ ದೊಡ್ಡ ಚಾಂಪಿಯನ್‌ಶಿಪ್ ಸಿಕ್ಕಿದೆ. ನೂರಾ ಹನ್ನೆರಡು ವರ್ಷದ ಕ್ಲಬ್ಬಿಗೆ ಇಷ್ಟು ದಿನ ಅದು ಸಿಗದಿದ್ದುದು ಹುಲ್ಲಿನ ದೋಷದಿಂದಲ್ಲ, ಹೆಂಗಸರನ್ನು ಸೇರಿಸದ ನಿಯಮದಿಂದ. ಕಳೆದ ವರ್ಷ ಆ ನಿಯಮ ತೆಗೆದು, ಮೂವರು ಶ್ರೀಮಂತ ಹೆಂಗಸರನ್ನು ಸದಸ್ಯರನ್ನಾಗಿ ಮಾಡಿಕೊಂಡರು. ಆಮೇಲೆ ಆಯ್ಕೆ ಸಮಿತಿ ಬಂತು.

ಮೂರು ದಿನ ಅಳೆದರು. ಗುಂಡಿ ತೋಡಿ ಮಣ್ಣು ನೋಡಿದರು, ಕಾರು ನಿಲ್ಲಿಸಲು ಜಾಗ ನೋಡಿದರು. ಕೊನೆಯ ದಿನ ಸಮಿತಿಯಲ್ಲಿದ್ದ ಒಬ್ಬಾಕೆ ಹದಿನಾರನೇ ಕುಳಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಹುಲ್ಲನ್ನು ಅಂಗೈಯಿಂದ ಸವರುತ್ತ ಕೇಳಿದಳು.

"ಎಷ್ಟು ವರ್ಷದಿಂದ ಇಲ್ಲಿದ್ದೀರಿ?"

"ಮೂವತ್ತೆಂಟು ಆಯ್ತಮ್ಮ. ಹುಲ್ಲು ನೋಡ್ಕೊಳ್ಳೋದೇ ಕೆಲಸ."

"ನಿಯಮ ಬಿಡಿ. ನಿಜವಾಗ್ಲೂ ಯಾವ ಹೆಣ್ಣುಮಗಳನ್ನಾದ್ರೂ ಇಲ್ಲಿಂದ ಆಚೆ ಅಟ್ಟಿದ್ದು ಉಂಟಾ?"

ಕ್ಲಬ್ಬಿನ ಸೆಕ್ರೆಟರಿ ನನ್ನ ಬೆನ್ನ ಹಿಂದೆಯೇ ನಿಂತಿದ್ದರು.

"ನಾನು ಕಂಡ ಹಾಗೆ ಇಲ್ಲಮ್ಮ" ಅಂದೆ. ಆಕೆ ಬರೆದುಕೊಂಡಳು.

ಇಪ್ಪತ್ತು ವರ್ಷದ ಹಿಂದಿನ ಮಾತು, ಆಗ ನಿನಗೆ ಹದಿನಾರು. ಸದಸ್ಯರು ಬರುವ ಮೊದಲು, ಬೆಳಕು ಹರಿಯುವಾಗ ನೀನು ಇಲ್ಲಿ ಆಡುತ್ತಿದ್ದೆ. ಇದೇ ಸೆಕ್ರೆಟರಿ ನಾಲ್ವರನ್ನು ಕಟ್ಟಿಕೊಂಡು ಬಂದು ನಿನ್ನ ಕೈಯಿಂದ ಗಾಲ್ಫ್ ಕೋಲು ಕಿತ್ತುಕೊಂಡರು. "ಆಳುಗಳ ಮಕ್ಕಳು ಆಡೋ ಜಾಗನಾ ಇದು?" ಎಂದು ಕಿರುಚಿ, ಹಿಂದಿನ ಗೇಟಿನವರೆಗೆ ನಿನ್ನನ್ನು ನಡೆಸಿಕೊಂಡು ಹೋದರು. ನೀನು ತಿರುಗಿ ನನ್ನನ್ನೇ ನೋಡಿದೆ. ನಾನು ಹುಲ್ಲು ಕತ್ತರಿಸುವ ಯಂತ್ರವನ್ನು ನಿಲ್ಲಿಸಲಿಲ್ಲ. ರಾಜ್ಯದ ಕಿರಿಯರ ಗಾಲ್ಫ್ ತಂಡದ ಆಯ್ಕೆಗೆ ಒಂಬತ್ತೇ ದಿನ ಉಳಿದಿತ್ತು. ಆಮೇಲೆ ನೀನು ಕೋಲು ಮುಟ್ಟಲಿಲ್ಲ.

ಚಾಂಪಿಯನ್‌ಶಿಪ್ ಸಿಕ್ಕಿತೆಂದು ಗೊತ್ತಾದ ದಿನ ಸೆಕ್ರೆಟರಿ ನನ್ನ ಹೆಗಲ ಮೇಲೆ ಕೈಯಿಟ್ಟು, "ನಿನ್ನ ಒಂದು ಮಾತು ನಮ್ಮನ್ನ ಗೆಲ್ಲಿಸ್ತು ಕಣಯ್ಯ" ಅಂದರು. ಮರುದಿನವೇ ಸಮಿತಿಯ ಆ ಹೆಂಗಸಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದು ಹಾಕಿದೆ.

ಹನ್ನೆರಡು ದಿನಕ್ಕೆ ಎರಡು ಸಾಲಿನ ಉತ್ತರ ಬಂತು. ವಿಷಯ ಹಳೆಯದು, ಆಯ್ಕೆಯಲ್ಲಿ ಬದಲಾವಣೆ ಇಲ್ಲ ಎಂದಿತ್ತು. ಅದರ ನಕಲು ಕ್ಲಬ್ಬಿಗೂ ಹೋಗಿತ್ತು. ಸೆಕ್ರೆಟರಿ ಜೋರು ಮಾಡಲಿಲ್ಲ. ಉಗ್ರಾಣದ ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು ಹೋಗು ಅಂದರು, ಅಷ್ಟೇ. ಕ್ಲಬ್ಬಿನ ಈ ಮನೆಯನ್ನು ತಿಂಗಳೊಳಗೆ ಬಿಡಬೇಕು. ನಿಮ್ಮಮ್ಮ ಅಳಲಿಲ್ಲ. ಪಾತ್ರೆಗಳನ್ನು ಕಟ್ಟುತ್ತ, "ಇಪ್ಪತ್ತು ವರ್ಷ ತಡ ಆಯ್ತು ನಿಮ್ದು" ಅಂದಳು.

ಆಟ ಇಲ್ಲೇ ನಡೆಯುತ್ತದೆ, ನಾನು ಸಾಕಿದ ಹುಲ್ಲಿನ ಮೇಲೇ. ನೀನು ಟಿವಿ ಹಾಕಬೇಡ.

ನೀನೂ ಅಳಿಯಂದಿರೂ ಸುಖವಾಗಿರಿ. ನಿನ್ನ ಹುಡುಗಿಯರು ಯಾರ ಅಪ್ಪಣೆಗೂ ಕಾಯದೆ ಓಡಲಿ.

ನಿನ್ನ ಅಪ್ಪ

ತಾ.ಕ.: ಈ ಕಾಗದವನ್ನು ಹರಿದು ಹಾಕುತ್ತಿದ್ದುದು ಇದಕ್ಕಾಗಿ. ಬೆಳಗ್ಗೆ ಗೇಟು ತೆಗೆದು ನಿನ್ನನ್ನು ಒಳಗೆ ಬಿಡುತ್ತಿದ್ದ ಕಾವಲಿನ ಮಾಮನೇ ಚಾಡಿ ಹೇಳಿದ್ದು ಎಂದು ನೀನು ನಂಬಿದ್ದೀಯ. ಅವನು ಸತ್ತಾಗ ನೀನು ಮುಖ ನೋಡಲೂ ಬರಲಿಲ್ಲ. ಹೇಳಿದ್ದು ಅವನಲ್ಲ, ನಾನು. ಮೇಲ್ವಿಚಾರಕನ ಕೆಲಸಕ್ಕೆ ನನ್ನ ಹೆಸರು ಹೋಗಿತ್ತು. ಸೆಕ್ರೆಟರಿಗೆ ಬೇರೆಯವರ ಬಾಯಿಂದ ತಿಳಿಯುವ ಮೊದಲು ನಾನೇ ಹೇಳಿಬಿಟ್ಟರೆ ಬರೀ ಬೈದು ಬಿಡುತ್ತಾರೆ ಎಂದುಕೊಂಡೆ. ಗೇಟು ತೆಗೆದ ತಪ್ಪಿಗೆ ಅವನನ್ನು ಅವತ್ತೇ ಕೆಲಸದಿಂದ ತೆಗೆದರು, ಮುಂದಿನ ವಾರ ನನಗೆ ಬಡ್ತಿ ಕೊಟ್ಟರು. ಅವನಿಗೆ ಎಲ್ಲ ಗೊತ್ತಿತ್ತು. ಯಾಕೆ ಬಾಯಿಬಿಡಲಿಲ್ಲ ಎಂದು ಒಮ್ಮೆ ಕೇಳಿದೆ. "ಮಗು ಆಟ ಕಳ್ಕೊಂಡಿದ್ದು ಸಾಕು, ಅಪ್ಪನ್ನೂ ಕಳ್ಕೊಳ್ಳೋದು ಬೇಡ" ಅಂದಿದ್ದ.